ಫರಸಿ ಕಲ್ಲಿನ ಮಗ್ಗುಲಲ್ಲಿ ಅಂಜೂರ

ಕಲಬುರಗಿಯಲ್ಲಿ ರೈಲು ಹತ್ತಿ ವಾಡಿಯ ಕಡೆಗೆ ಹೊರಟರೆ ಶಹಾಬಾದ್ ಬರುವ ಮೊದಲೇ ನೆಲದ ಚಹರೆ ಬದಲಾಗುತ್ತದೆ. ತೊಗರಿ ಹೊಲದ ಎರೆಮಣ್ಣು ತೆಳ್ಳಗಾಗುತ್ತ ಹೋಗಿ ಬೂದು ಬಣ್ಣದ ಕಲ್ಲಿನ ಹಾಸು ಅಲ್ಲಲ್ಲಿ ಮೇಲೆದ್ದು ಕಾಣುತ್ತದೆ. ಮುಳ್ಳುಬೇಲಿ ಇರಬೇಕಾದಲ್ಲಿ ಚಪ್ಪಡಿಗಳನ್ನು ಸಾಲಾಗಿ ನೆಟ್ಟಿರುತ್ತಾರೆ. ಮನೆಯ ನೆಲ, ಗೋಡೆ, ಕಟ್ಟೆ, ನೀರಿನ ತೊಟ್ಟಿ, ಚಹಾದಂಗಡಿಯ ಬೆಂಚು, ಎಲ್ಲವೂ ಅದೇ ಕಲ್ಲು. ಊರವರು ಅದನ್ನು ಫರಸಿ ಎನ್ನುತ್ತಾರೆ. ಮುಂಬೈ, ಪುಣೆ, ಹೈದರಾಬಾದಿನ ಹಳೆಯ ಮನೆಗಳಲ್ಲಿ ಅದಕ್ಕೆ ಊರಿನ ಹೆಸರೇ ಅಂಟಿಕೊಂಡು ‘ಶಹಾಬಾದಿ’ ಎನಿಸಿಕೊಂಡಿದೆ. ಭೂಮಿಯ ಮೇಲೆ ಮರಗಳೆಂಬವು ಹುಟ್ಟುವುದಕ್ಕೂ ಬಹಳ ಮೊದಲು, ಇಲ್ಲಿದ್ದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು ಇದು. ಆ ಪದರಗಳ ಪುಣ್ಯದಿಂದಲೇ ಇವತ್ತಿಗೂ ಉಳಿ, ಹಾರೆ ಹಾಕಿದರೆ ಕಲ್ಲು ಹಲಗೆಯಾಗಿ ಬಿಡಿಸಿಕೊಳ್ಳುತ್ತದೆ.

ನಾನು ಈ ದಾರಿ ಹಿಡಿದದ್ದು ಕಲ್ಲು ನೋಡಲಿಕ್ಕಲ್ಲ, ಅಂಜೂರ ಹುಡುಕಲಿಕ್ಕೆ. ಕಲಬುರಗಿಯಲ್ಲೇ ಹುಟ್ಟಿ ಬೆಳೆದ ಅಕ್ಕನ ಮಗಳು ಈಗ ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ಸಂಸಾರ ಹೂಡಿದ್ದಾಳೆ. ಮನೆಯ ಹಿಂದೆ ಅಂಗೈಯಗಲ ಜಾಗವಿದೆ, ಅಲ್ಲಿ ಅಂಜೂರ ಬೆಳೆಯಬೇಕೆಂಬ ಹುಕಿ. ಒಂದು ಸಂಜೆ ಫೋನು ಮಾಡಿ ಕೇಳಿದಳು: “ಮಾಮಾ, ಇಲ್ಲಿ ಅಂಜೂರ ಹಚ್ಚಬೇಕಂದ್ರ ಮೊದಲ ಕುಣಿ ತೋಡಿ ಅದರ ನಾಕೂ ಕಡೆ ಫರಸಿ ಕಲ್ಲು ನಿಲ್ಲಸಬೇಕಂತ. ನಮ್ಮ ಕಡೆ ನೆಲದಾಗ ಹೆಂಗೂ ಫರಸೀನೇ ಅದಲಾ, ಅಲ್ಲಿ ಯಾರರೆ ಬೆಳೀತಾರೇನು ನೋಡಿ ಹೇಳ್ರಿ.” ಪ್ರಶ್ನೆ ಸಣ್ಣದಿತ್ತು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸುತ್ತಲು ಅದೊಂದು ನೆಪ ನನಗೆ ಸಾಕಾಯಿತು.

ಅವಳು ಹೇಳಿದ ಕಲ್ಲಿನ ಕುಣಿ ಇಂಗ್ಲೆಂಡಿನ ತೋಟಗಾರರ ಹಳೆಯ ಉಪಾಯ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ, ಬದಿಗಳಿಗೆ ಚಪ್ಪಡಿ ನಿಲ್ಲಿಸಿ, ತಳಕ್ಕೆ ಒಡೆದ ಇಟ್ಟಿಗೆ, ಕಲ್ಲುಚೂರು ತುಂಬಿ, ಮೇಲೆ ಮಣ್ಣು ಹಾಕಿ ಗಿಡ ನೆಡುತ್ತಾರೆ. ಬೇರಿಗೆ ಧಾರಾಳ ಜಾಗ ಸಿಕ್ಕರೆ ಅಂಜೂರ ಎಲೆಯ ಮೇಲೆ ಎಲೆ ಬಿಡುತ್ತ ಸೊಕ್ಕುತ್ತದೆ, ಕಾಯಿಯ ನೆನಪೇ ಇರುವುದಿಲ್ಲ. ಬೇರು ಕಲ್ಲಿಗೆ ತಾಗಿ ಇನ್ನು ಮುಂದೆ ದಾರಿಯಿಲ್ಲ ಎಂದಾದಾಗ ಗಿಡ ಹಣ್ಣಿನ ಕಡೆ ಮನಸ್ಸು ಕೊಡುತ್ತದೆ. ಗೋಡೆಯ ಕೆಲಸ ಬೇರೆ. ಹಗಲು ಬಿದ್ದ ಅಷ್ಟಿಷ್ಟು ಬಿಸಿಲನ್ನು ಕುಡಿದು ರಾತ್ರಿ ಗಿಡದ ಮೈಗೆ ಮರಳಿ ಕೊಡುವುದು ಅದರ ಪಾಲು. ಕಲ್ಲು, ಸುಣ್ಣ, ಸೆಕೆ, ಬಿಗಿದ ಬೇರು: ಅಲ್ಲಿ ದುಡ್ಡು ಕೊಟ್ಟು ಕೂಡಿಸುವ ಈ ನಾಲ್ಕೂ ಶಹಾಬಾದಿನಲ್ಲಿ ಕಾಲಡಿಯಲ್ಲೇ ಇವೆ.

ಹಾಗಿದ್ದರೆ ಶಹಾಬಾದ್ ಅಂಜೂರದ ಊರಾಗಬೇಕಿತ್ತು. ಆಗಿಲ್ಲ. ನಿಲ್ದಾಣದಿಂದ ಹೊರಬಿದ್ದು ಕಲ್ಲುಗಣಿಗಳ ಕಡೆ ನಡೆದರೆ ಕಾಣುವುದು ಬೇವು, ಜಾಲಿ, ಹುಣಿಸೆ, ಮಧ್ಯೆ ನೀಲಿ ನೀರು ನಿಂತ ಹಳೆಯ ಗಣಿಗುಂಡಿಗಳು. ಒಡೆದು ಒಗೆದ ಕಲ್ಲುಚೂರಿನ ದಿಬ್ಬಗಳು ಬೀದಿಯ ಎರಡೂ ಕಡೆ. ನಾಲ್ಕಾರು ಕಡೆ ವಿಚಾರಿಸಿದ ಮೇಲೆ ಒಬ್ಬ ಆಟೋದವರು, “ಗಿಡ ನೋಡಬೇಕಂದ್ರ ಹೊಲದಾಗ ಹುಡಕಬ್ಯಾಡ್ರಿ, ಮನಿ ಹಿತ್ತಲದಾಗ ಹುಡಕ್ರಿ” ಎಂದು ಒಂದು ಓಣಿಗೆ ಕರೆದೊಯ್ದರು.

ಓಣಿಯ ಕೊನೆಯ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ, ಗೋಡೆಗೆ ಬೆನ್ನು ಆನಿಸಿಕೊಂಡು ಗಿಡ ನಿಂತಿತ್ತು. ಬೂದು ತೊಗಟೆ, ಅಂಗೈ ಬಿಚ್ಚಿದ ಹಾಗೆ ಸೀಳಿದ ಒರಟು ಎಲೆ, ಎಲೆಯ ಕಂಕುಳಲ್ಲಿ ಹಸಿರು ಕಾಯಿ. ಬುಡದ ಸುತ್ತ ಫರಸಿ. ಹಿತ್ತಲಿಗೆಲ್ಲ ಕಲ್ಲು ಹಾಸುವಾಗ ಗಿಡದ ಮಟ್ಟಿಗೆ ಒಂದು ಚೌಕ ಬಿಟ್ಟಿದ್ದರು, ಅಷ್ಟೇ. ಇಂಗ್ಲೆಂಡಿನವರು ಯೋಚಿಸಿ ಮಾಡುವ ಕುಣಿ ಇಲ್ಲಿ ಯಾರ ಯೋಚನೆಯೂ ಇಲ್ಲದೆ ಆಗಿಬಿಟ್ಟಿತ್ತು. ಮನೆಯ ಹಿರಿಯಮ್ಮ ಹೇಳಿದರು: “ನಮ್ಮ ತವರಮನಿ ರಾಯಚೂರ ಕಡಿದು. ಅಲ್ಲಿಂದ ಒಂದು ಕಡ್ಡಿ ತಂದು ಊರಿದ್ದೆ ತಮ್ಮಾ. ನೀರ ಹಾಕಿಲ್ಲ, ಗೊಬ್ಬರ ಹಾಕಿಲ್ಲ. ಬಚ್ಚಲ ನೀರಾಗೇ ಇಷ್ಟು ಆಗ್ಯಾದ ನೋಡು.”

ಹಣ್ಣು ಕೀಳುವ ಹೊತ್ತನ್ನು ಅವರು ಬಣ್ಣದಿಂದ ಅಳೆಯುವುದಿಲ್ಲ. ಕಾಯಿ ತೊಟ್ಟಿನ ಮೇಲೆ ಸೆಟೆದು ನಿಂತಿದ್ದರೆ ಮುಟ್ಟಬಾರದು. ಕುತ್ತಿಗೆ ಸೋತು ಕೆಳಗೆ ಜೋತಾಗ, ಮೈಯಲ್ಲಿ ಸಣ್ಣ ಬಿರುಕು ಕಂಡಾಗ, ಹೊತ್ತು ಏರುವ ಮೊದಲು ಕೀಳಬೇಕು. ಅವಸರ ಮಾಡಿ ಕಿತ್ತರೆ ತೊಟ್ಟಿನಿಂದ ಹಾಲು ಸುರಿದು ಕೈಯೆಲ್ಲ ತುರಿಕೆ, ಒಳಗೆ ರುಚಿಯೂ ಇರದು. ಕಿತ್ತ ಮೇಲೆ ಮನೆಯಲ್ಲಿಟ್ಟು ಸಿಹಿ ಮಾಡಲು ಬಾವಲಿಗೂ ಬರುವುದಿಲ್ಲ, ಮನುಷ್ಯರಿಗೂ ಬರುವುದಿಲ್ಲ. ಒಂದು ದಿನ ತಡವಾದರೆ ಆ ಬಾವಲಿ, ಗಿಳಿ, ಇರುವೆಗಳ ಪಾಲು. ಅದಕ್ಕೇ ಹಣ್ಣಿಗೆ ಹಳೆಯ ಸೀರೆಯ ಚೂರು ಕಟ್ಟುತ್ತಾರೆ. ನಾನು ಹೋದದ್ದು ಚಳಿಗಾಲ, ಕಾಯಿ ಇನ್ನೂ ಗಟ್ಟಿ. “ಬ್ಯಾಸಗಿ ಸುರು ಆಗೂಮುಂದ ಬಾ, ಹಣ್ಣು ತಿಂದು ಹೋಗೀಯಂತ. ಕಟಗೊಂಡು ಹೋಗ್ತೀನಿ ಅಂದ್ರ ಸಿಗಂಗಿಲ್ಲ, ಊರು ಮುಟ್ಟೂದ್ರಾಗ ರಾಡಿ ಆಗತಾದ” ಎಂದು ನಕ್ಕರು. ಇಡೀ ಪ್ರಯಾಣದಲ್ಲಿ ಅಂಜೂರದ ಬಗ್ಗೆ ಇದಕ್ಕಿಂತ ಖಚಿತವಾದ ಮಾತು ನನಗೆ ಸಿಗಲಿಲ್ಲ.

ಶಹಾಬಾದಿನಿಂದ ವಾಡಿ ಹತ್ತಿರ. ಮುಂಬೈ, ಮದರಾಸಿನ ಕಡೆಗಳಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮೂರು ವರ್ಷದ ಮೇಲೆ, 1874ರಲ್ಲಿ, ನಿಜಾಮರು ತಮ್ಮ ರಾಜಧಾನಿಯನ್ನು ಆ ಮುಖ್ಯ ಹಳಿಗೆ ಸೇರಿಸಲು ವಾಡಿಯಿಂದ ಸಿಕಂದರಾಬಾದಿಗೆ ಕವಲು ಹಾಕಿಸಿದರು. ಅಂದಿನಿಂದ ವಾಡಿ ಜಂಕ್ಷನ್. ಈಗ ಊರಿನ ಆಕಾಶವನ್ನು ಆಳುವುದು ಸಿಮೆಂಟು ಕಾರ್ಖಾನೆಯ ಗೋಪುರಗಳು. ಫರಸಿಯಾಗಲಾರದ ಸುಣ್ಣಗಲ್ಲೆಲ್ಲ ಅಲ್ಲಿ ಪುಡಿಯಾಗಿ, ಸುಟ್ಟು, ಚೀಲ ಸೇರುತ್ತದೆ. ಪ್ಲಾಟ್‌ಫಾರ್ಮಿನ ಆಚೆಯ ಗಿಡಗಳ ಎಲೆಯ ಮೇಲೆ ಬೂದು ಧೂಳು ಕೂತಿತ್ತು. ಈ ಜಂಕ್ಷನ್ನಿನಲ್ಲಿ ಕಲ್ಲು, ಸಿಮೆಂಟು, ಕಲ್ಲಿದ್ದಲು, ಬೇಳೆ, ಜನ, ಎಲ್ಲವೂ ಗಾಡಿ ಬದಲಿಸಿ ಮುಂದೆ ಹೋಗುತ್ತವೆ. ತಾಜಾ ಅಂಜೂರಕ್ಕೆ ಮಾತ್ರ ಈ ಭಾಗ್ಯವಿಲ್ಲ. ಒಣಗಿಸಿ ಚಪ್ಪಟೆ ಮಾಡಿ ಹುರಿಯಲ್ಲಿ ಪೋಣಿಸಿದ ಹಾರ ಅಫ್ಘಾನಿಸ್ತಾನದಿಂದ ಕಲಬುರಗಿಯ ಅಂಗಡಿಗೆ ಬರುತ್ತದೆ. ಹತ್ತಿರದ ಊರಿನ ಹಸಿ ಹಣ್ಣು ಬರುವುದಿಲ್ಲ. ರಂಜಾನ್ ತಿಂಗಳಲ್ಲಿ ಆ ಹಾರಗಳಿಗೆ ಗಿರಾಕಿ ಹೆಚ್ಚು. ಕುರಾನಿನ 95ನೆಯ ಅಧ್ಯಾಯಕ್ಕೆ ಅಂಜೂರದ್ದೇ ಹೆಸರು, ಹಾಗಾಗಿ ಕಾಯಿಯನ್ನೇ ಕಾಣದವರಿಗೂ ಹಣ್ಣಿನ ಮೇಲೆ ಗೌರವವಿದೆ.

ನಿಜಾಮರ ಅದೇ ಕವಲು ಹಳಿ ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ ಹೋಗುತ್ತದೆ. ಚಿತ್ತಾಪುರದಲ್ಲಿಳಿದು ನಾಗಾವಿಗೆ ಹೋದೆ. ಚಾಲುಕ್ಯರ ಕಾಲದ, ಹನ್ನೊಂದನೆಯ ಶತಮಾನದ ಘಟಿಕಾಸ್ಥಾನ ಇದ್ದ ಊರು. ವಿದ್ಯಾರ್ಥಿಗಳಿಗೆ ಊಟ ವಸತಿ, ಗ್ರಂಥಗಳನ್ನು ಕಾಯಲು ಸರಸ್ವತೀ ಭಂಡಾರಿಗರು, ಎಲ್ಲವನ್ನೂ ಶಾಸನ ದಾಖಲಿಸಿದೆ. ಇವತ್ತು ಅಲ್ಲಿ ಕಂಬ, ತೊಲೆ, ಮುರಿದ ಗೋಡೆ, ಗೋಡೆಯ ಸಂದಿಯಲ್ಲಿ ಅರಳಿ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ಚಿಟಿಕೆ ಧೂಳಿನಲ್ಲೇ ಮೊಳೆತು, ಕಲ್ಲಿನ ಬೆಸುಗೆಗೆ ಬೇರು ತೂರಿಸಿ, ನೂರಾರು ವರ್ಷ ನಿಂತ ಕಟ್ಟಡವನ್ನು ನಿಧಾನವಾಗಿ ಬಿಚ್ಚುತ್ತದೆ. ಅರಳಿ, ಆಲ, ಅತ್ತಿ, ಬಸರಿ, ಗೋಣಿ ಎಲ್ಲ ಅಂಜೂರದ ಒಂದೇ ವಂಶದವು. ಕಲ್ಲಿನ ಜೊತೆ ಜಗಳವಾಡಿಯೇ ಬದುಕುವ ಗುಣ ಮನೆತನದ್ದು. ಹಿತ್ತಲ ಅಂಜೂರ ಮಾತ್ರ ಸಾಧು; ಕಲ್ಲು ತಡೆದರೆ ತಡೆಸಿಕೊಂಡು ಹಣ್ಣು ಕೊಡುತ್ತದೆ.

ಚಿತ್ತಾಪುರ ಸೀಮೆಯಲ್ಲಿ ಈ ವಂಶಕ್ಕೆ ಇನ್ನೂ ಹಳೆಯ ಮರ್ಯಾದೆಯಿದೆ. ಭೀಮೆಯ ದಡದ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದು, ವಿಗ್ರಹದ ಪೀಠವಾಗಿ ಬಳಸಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕಿದ್ದು ಹೆಸರು ಕೆತ್ತಿದ ಅಶೋಕನದೇ ಉಬ್ಬುಶಿಲ್ಪ, ಇದೇ ಸೀಮೆಯ ಸುಣ್ಣಗಲ್ಲಿನಲ್ಲಿ. ಬೌದ್ಧ ಪರಂಪರೆಯಲ್ಲಿ ಒಬ್ಬೊಬ್ಬ ಬುದ್ಧನಿಗೂ ಒಂದೊಂದು ಬೋಧಿವೃಕ್ಷ: ಗೌತಮನಿಗೆ ಅರಳಿ, ಅವನ ಹಿಂದಿನ ಕಾಶ್ಯಪನಿಗೆ ಆಲ, ಅದಕ್ಕೂ ಹಿಂದಿನ ಕನಕಮುನಿಗೆ ಅತ್ತಿ. ಮೂರೂ ಒಂದೇ ಮನೆಯವು.

ಅತ್ತಿಯ ಹಣ್ಣು ಬಿಡಿಸಿದರೆ ಹುಳ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಹುಳವಿಲ್ಲದೆ ಅತ್ತಿಯಿಲ್ಲ. ನಾವು ಕಾಯಿ ಎನ್ನುವುದು ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲ. ತುದಿಯ ಸೂಜಿಗಣ್ಣಿನ ರಂಧ್ರದಲ್ಲಿ ಹೆಣ್ಣು ಕಣಜವೊಂದು ರೆಕ್ಕೆ ಮುರಿದುಕೊಂಡು ನುಗ್ಗಿ, ಪರಾಗ ಹಚ್ಚಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಹೆಣ್ಣುಗಳು ಪರಾಗ ಹೊತ್ತು ಬೇರೆ ಕಾಯಿ ಹುಡುಕಿ ಹಾರುತ್ತವೆ. ಪ್ರತಿ ಜಾತಿಗೂ ಅದರದೇ ಕಣಜ. ತುರ್ಕಿಯ ಸ್ಮಿರ್ನಾ ಅಂಜೂರಕ್ಕೂ ಕಣಜ ಬೇಕು. ಆದರೆ ಪುಣೆ, ಬಳ್ಳಾರಿಯ ತೋಟಗಳಲ್ಲಿ, ಶಹಾಬಾದಿನ ಹಿತ್ತಲಲ್ಲಿ, ಅಕ್ಕನ ಮಗಳ ಊರಿನಲ್ಲಿ ಇರುವ ಅಂಜೂರಗಳಿಗೆ ಅದರ ಹಂಗಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ಊದಿ ಹಣ್ಣಾಗುತ್ತದೆ, ಬೀಜ ಮೊಳೆಯುವುದಿಲ್ಲ. ಬೀಜವಿಲ್ಲದ ಮೇಲೆ ಸಂತಾನಕ್ಕೆ ಒಂದೇ ದಾರಿ: ಮನುಷ್ಯ ಕಡ್ಡಿ ಮುರಿದು ನೆಡಬೇಕು. ಜೋರ್ಡಾನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸಿಕ್ಕ, ಹನ್ನೊಂದು ಸಾವಿರ ವರ್ಷಕ್ಕೂ ಹಿಂದಿನ ಸುಟ್ಟ ಅಂಜೂರಗಳು ಇಂಥ ತಳಿಯವೇ ಎಂದು ಅಧ್ಯಯನ ಮಾಡಿದವರು ಅಂದಾಜು ಮಾಡಿದ್ದಾರೆ. ಅದು ಸರಿಯಾದರೆ, ಗೋಧಿ ಬಿತ್ತುವ ಮೊದಲೇ ಮನುಷ್ಯ ಅಂಜೂರದ ಕಡ್ಡಿ ಊರಿದ್ದ. ಆ ಹಿರಿಯಮ್ಮ ತವರಿನಿಂದ ತಂದದ್ದೂ ಅದೇ ಸರಪಳಿಯ ಒಂದು ಕೊಂಡಿ.

ಮಳಖೇಡದಲ್ಲಿ ಕಾಗಿಣಾ ನದಿ ತೆಳ್ಳಗೆ ಹರಿಯುತ್ತಿತ್ತು. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷನ ರಾಜಧಾನಿ. ನದಿಯ ದಂಡೆಯ ಕೋಟೆಗೂ ಅದೇ ಪದರುಗಲ್ಲು. ಅಲ್ಲೇ ಸಮೀಪದಲ್ಲಿ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ವೃಂದಾವನ, ಭಕ್ತರ ಸಾಲು. ಒಂಬತ್ತನೆಯ ಶತಮಾನದಲ್ಲಿ ಅರಬ್ ವ್ಯಾಪಾರಿ ಸುಲೈಮಾನ್ ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿದ ‘ಬಲ್ಹರಾ’ ಈ ಸಿಂಹಾಸನದ ದೊರೆ. ಅಂಜೂರ ಆ ವ್ಯಾಪಾರಿಗಳ ಸೀಮೆಯ ಮರ. ಮುಂದೆ ದಖನ್ನಿನಲ್ಲಿ ದೌಲತಾಬಾದಿನ ಅಂಜೂರ ಹೆಸರು ಮಾಡಿತು. 1948ರ ತನಕ ಆ ಊರೂ ಸೇಡಮ್ಮೂ ನಿಜಾಮರ ಒಂದೇ ರಾಜ್ಯದಲ್ಲಿದ್ದವು. ನಮ್ಮ ಕಡೆ ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಒಂದು ಕಾಲದಲ್ಲಿ ಖ್ಯಾತಿಯಿತ್ತು, ಈಗ ಬಳ್ಳಾರಿ, ಕೊಪ್ಪಳದ ಸರದಿ. ಪುಣೆ ಜಿಲ್ಲೆಯ ಪುರಂದರದ ಅಂಜೂರ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ನಮ್ಮ ಕಲಬುರಗಿಗೆ 2019ರಲ್ಲಿ ಅದೇ ಮಾನ್ಯತೆ ಸಿಕ್ಕಿದ್ದು ತೊಗರಿಬೇಳೆಗೆ.

ಸೇಡಮ್ಮಿನ ಹೊರವಲಯದಲ್ಲಿ ತೊಗರಿ ಕೊಯ್ಲು ಮುಗಿಸಿ ಕಟ್ಟಿಗೆ ಒಟ್ಟುತ್ತಿದ್ದ ರೈತರೊಬ್ಬರು ಬಾವಿಯ ಹತ್ತಿರ ಕೆಲವು ಅಂಜೂರದ ಗಿಡ ಇಟ್ಟುಕೊಂಡಿದ್ದರು. ಪುಣೆ ಕಡೆಯ ತೋಟಗಳಲ್ಲಿ ದುಡಿದು ಬಂದವರು. ಅವರಿಂದ ನನಗೆ ಬಹಾರುಗಳ, ಅಂದರೆ ಫಸಲಿನ ಹಂಗಾಮುಗಳ, ಲೆಕ್ಕ ತಿಳಿಯಿತು. ಮಳೆಗಾಲದ ಹೊಸ್ತಿಲಲ್ಲಿ ಕತ್ತರಿ ಹಾಕಿ ಚಳಿಯಲ್ಲಿ ಕೊಯ್ಯುವುದು ಖಟ್ಟಾ ಬಹಾರ್, ರುಚಿ ತುಸು ಸಪ್ಪೆ. ಮಳೆ ಹಿಂದೆಗೆದ ಮೇಲೆ ಕತ್ತರಿಸಿ ಬೇಸಗೆಯ ಮುಂಬಾಗಿಲಲ್ಲಿ ಕೊಯ್ಯುವುದು ಮೀಠಾ ಬಹಾರ್. ಕತ್ತರಿ ಹಾಕುವ ಮುಂಚೆ ನೀರು ನಿಲ್ಲಿಸಿ ಗಿಡವನ್ನು ಒಣಗಿಸಬೇಕು, ಎಲೆ ಉದುರಬೇಕು, ಆಮೇಲೆ ಗೊಬ್ಬರ, ನೀರು. ಹೊಸ ಚಿಗುರಿನ ಜೊತೆಗೇ ಕಾಯಿ. ಮಳೆ ಹೆಚ್ಚಾದರೆ ಎಲೆಯ ಅಡಿಗೆ ತುಕ್ಕುರೋಗ, ಕಾಂಡದಲ್ಲಿ ಕೊರೆಯುವ ಹುಳ. ಬಿಸಿಲು 39 ಡಿಗ್ರಿ ದಾಟಿದರೆ ಹಣ್ಣು ಹೊತ್ತಿಗೆ ಮೊದಲೇ ಮಾಗಿ ಸತ್ವಗೆಡುತ್ತದೆ, ಇಲ್ಲಿಯ ಮೇ ತಿಂಗಳು ಅದನ್ನು ಸಲೀಸಾಗಿ ದಾಟುತ್ತದೆ. ಆದ್ದರಿಂದ ಇಲ್ಲಿ ಸಿಹಿಯ ಕಿಟಕಿ ಕಿರಿದು: ಚಳಿ ಇಳಿದು ಬಿಸಿಲು ಬಲಿಯುವ ಮೊದಲಿನ ಕೆಲವು ವಾರ.

“ಹೆಚ್ಚಿಗಿ ಯಾಕ ಹಚ್ಚಲಿಲ್ಲ?” ಎಂದೆ. “ಬಾಯಿಗಿ ಬರ್ತಾದ್ರೀ, ಬಜಾರಕ್ಕ ಹೋಗಂಗಿಲ್ಲ” ಎಂದರು. “ಹೊತ್ತು ಹೊಂಡೂಕ ಮೊದಲ ಕಿತ್ತು, ಅವತ್ತೇ ಮಾರಬೇಕು. ಪುಣೆದಾಗ ಪ್ಯಾಟಿ ಮಗ್ಗಲದಾಗೇ ಅದ, ಅವರದು ನಡೀತಾದ. ನಾವು ಎಲ್ಲಿಗಿ ಒಯ್ಯಬೇಕು? ತೊಗರಿ ಆದ್ರ ಆರು ತಿಂಗಳ ಚೀಲದಾಗಿಟ್ಟು ರೇಟ್ ಬಂದಾಗ ಕೊಡಬಹುದು.” ಅವರ ಮಾತಿನಲ್ಲಿ ಮಣ್ಣಿನ ದೂರಿರಲಿಲ್ಲ, ಬಿಸಿಲಿನ ದೂರೂ ಇರಲಿಲ್ಲ. ಅಡ್ಡಿ ಇದ್ದದ್ದು ಹಣ್ಣಿಗೂ ತಿನ್ನುವವರಿಗೂ ನಡುವಿನ ಹಾದಿಯಲ್ಲಿ.

ಸೇಡಮ್ಮಿನಿಂದ ಬಸ್ಸು ಹಿಡಿದು ಚಿಂಚೋಳಿ ಸೇರುವಷ್ಟರಲ್ಲಿ ಚಳಿ ಕಚ್ಚತೊಡಗಿತ್ತು. ಈ ಜಿಲ್ಲೆಗೆ ಬಿಸಿಲನಾಡೆಂದೇ ಹೆಸರು, ಆದರೂ ಮೂಡಣದ ಈ ಗುಡ್ಡಗಳ ಜನವರಿ ಬೆಳಗಿಗೆ ಶಾಲು ಬೇಕು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಚಂದ್ರಂಪಳ್ಳಿ ಕೆರೆಯ ಸುತ್ತ, ತೇಗ, ಕಮರ, ಬಿದಿರಿನ ನಡುವೆ, ನಾಲಾಗಳ ಅಂಚಿನಲ್ಲಿ ಅತ್ತಿಮರಗಳು. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಅಂಟಿಕೊಂಡಿರುತ್ತವೆ. ಬೇರೆ ಮರಗಳು ಬರಿದಾದ ತಿಂಗಳಲ್ಲೂ ಯಾವುದೋ ಒಂದು ಅತ್ತಿ ಹಣ್ಣಾಗಿರುವುದರಿಂದ ಮಂಗ, ಬಾವಲಿ, ಹಕ್ಕಿಗಳಿಗೆ ಅದೇ ಊಟದ ಮನೆ. ಇಲ್ಲಿ ಹಣ್ಣು ಪೇಟೆಗೆ ಹೋಗುವ ಮಾತೇ ಇಲ್ಲ, ತಿನ್ನುವವರೇ ಮರಕ್ಕೆ ಬರುತ್ತಾರೆ. ಅಂಜೂರದ ವಂಶ ಕೋಟ್ಯಂತರ ವರ್ಷ ನಡೆಸಿಕೊಂಡು ಬಂದ ವ್ಯವಹಾರವೇ ಇದು.

ಕೆರೆಯ ದಂಡೆಯಲ್ಲಿ ಸಿಗ್ನಲ್ ಸಿಕ್ಕಾಗ ಅಕ್ಕನ ಮಗಳ ಜೊತೆ ಮಾತಾಡಿದೆ. ಅಲ್ಲಿ ಹಿಮ ಬಿದ್ದಿತ್ತು. ಆ ಫೋನಿನ ನಂತರ ಹಚ್ಚಿದ ಗಿಡ ಈಗ ಬೋಳಾಗಿ ನಿಂತಿದೆ, ಹುಲ್ಲು ಸುತ್ತಿ ಮೇಲೆ ಬಟ್ಟೆ ಕಟ್ಟಿದ್ದೇನೆ ಎಂದಳು. ಅವಳದು ‘ಬ್ರೌನ್ ಟರ್ಕಿ’ ತಳಿ, ಅಲ್ಲಿಯ ನರ್ಸರಿಯಿಂದ ಕೊಂಡದ್ದು. ಮಲಗಿರುವಾಗ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ನವೆಂಬರಿನಲ್ಲಿ ಅವಳು ಗಿಡದ ಮೇಲಿದ್ದ ದೊಡ್ಡ ಕಾಯಿಗಳನ್ನೆಲ್ಲ ತಾನೇ ಕಿತ್ತೊಗೆದಿದ್ದಳು. ಚಳಿಗೆ ಹೇಗೂ ಅವು ಉಳಿಯವು, ಸುಮ್ಮನೆ ಗಿಡದ ಕಸುವು ತಿನ್ನುತ್ತವೆ. ಕೊಂಬೆಯ ತುದಿಯಲ್ಲಿ ಬಟಾಣಿಗಿಂತ ದಪ್ಪವಾಗದ ಮೊಗ್ಗುಗಳನ್ನು ಮಾತ್ರ ಬಿಟ್ಟಿದ್ದಳು. ಅವು ಹಿಮ ಕಳೆದು ಬದುಕಿದರೆ ಆಗಸ್ಟ್, ಸೆಪ್ಟೆಂಬರಿಗೆ ಹಣ್ಣು. “ಅಷ್ಟು ಕಾಯಿ ಕೈಯಾರೆ ಒಗೀಬೇಕಂದ್ರ ಹೊಟ್ಟಿ ಉರಿತದ ಮಾಮಾ” ಎಂದಳು.

ಸೇಡಮ್ಮಿನ ರೈತ ನೀರು ನಿಲ್ಲಿಸಿ ಎಲೆ ಉದುರಿಸುವುದನ್ನು ಅವಳಿಗೆ ಹೇಳಿದೆ. ಅಲ್ಲಿ ಚಳಿ ಗಿಡವನ್ನು ಮಲಗಿಸುತ್ತದೆ, ಇಲ್ಲಿ ಮನುಷ್ಯ ಬಾಯಾರಿಸಿ ಮಲಗಿಸುತ್ತಾನೆ. ಅವಳ ಎದುರಾಳಿ ಬಿಸಿಲಿನ ಕೊರತೆ, ಇವರದು ಬಿಸಿಲಿನ ಅತಿ. ಅವಳು ಗೋಡೆಯ ಸೆಕೆ ಹಿಡಿಯಲು ದಕ್ಷಿಣದ ಮಗ್ಗುಲು ಆರಿಸಿದಳು. ಶಹಾಬಾದಿನ ಅಮ್ಮನ ಗಿಡ ಬದುಕಿದ್ದು ಮನೆಯ ಪೂರ್ವಕ್ಕೆ, ಮಧ್ಯಾಹ್ನ ದಾಟಿದ ಮೇಲೆ ಗೋಡೆಯ ನೆರಳು ಬೀಳುವಲ್ಲಿ. ಎರಡೂ ಕಡೆ ಸಿಹಿ ಹಣ್ಣಿಗೆ ಸಿಗುವುದು ಕೆಲವೇ ವಾರ. ಎರಡೂ ಕಡೆ ಬೇರಿಗೆ ಕಲ್ಲಿನ ಲಗಾಮು. ತನ್ನ ಕುಣಿಗೆ ಅವಳು ಹಾಕಿದ ಚಪ್ಪಡಿಗಳೂ ರಾಜಸ್ಥಾನದ ಮರಳುಗಲ್ಲಂತೆ, ಅಲ್ಲಿಯ ಅಂಗಳಗಳಿಗೆಲ್ಲ ಅದೇ ಹೋಗುತ್ತದೆ. ಕಲ್ಲು ಹಡಗು ಹತ್ತಿ ಇಂಗ್ಲೆಂಡು ಸೇರಬಹುದು. ತವರಿನ ಕಡ್ಡಿಯೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗಲು ಅವಳಿಗೆ ಸಾಧ್ಯವಿಲ್ಲ, ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ರೋಗ, ಕೀಟ ದಾಟದಿರಲಿ ಎಂಬ ಆ ನಿಯಮ ನ್ಯಾಯದ್ದೇ.

ತಂಪು ನಾಡಿನಲ್ಲಿ ಅಂಜೂರ ಬೆಳೆಯುವುದು ಕಷ್ಟ, ನಮ್ಮಂಥ ಸೆಕೆಯ ನಾಡಿನಲ್ಲಿ ಸುಲಭ ಎಂಬ ಎಣಿಕೆ ಈ ದಾರಿಯುದ್ದಕ್ಕೂ ನನ್ನಲ್ಲಿ ಸಡಿಲವಾಗುತ್ತ ಬಂತು. ಹವೆಯೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಶಹಾಬಾದಿನ ತುಂಬ ಅಂಜೂರ ಇರಬೇಕಿತ್ತು, ಇಂಗ್ಲೆಂಡಿನ ಉತ್ತರದಲ್ಲಿ ಒಂದೂ ಇರಬಾರದಿತ್ತು. ಈ ಹಣ್ಣಿಗೆ ಬೇಕಾದ್ದು ಹತ್ತಿರದಲ್ಲಿ ಒಬ್ಬರು. ಕುತ್ತಿಗೆ ಜೋತದ್ದನ್ನು ಅದೇ ಬೆಳಗ್ಗೆ ಗಮನಿಸುವವರು, ಬೇಡದ ಕಾಯಿಯನ್ನು ಹೊಟ್ಟೆ ಉರಿದರೂ ಕಿತ್ತುಹಾಕುವವರು, ಕಿತ್ತ ಹಣ್ಣನ್ನು ಅಂದೇ ತಿನ್ನುವವರು. ಪುರಂದರದಲ್ಲಿ ಪುಣೆಯ ಪೇಟೆಯೇ ಆ ನೆರೆಮನೆ. ಪೇಟೆ ದೂರವಿರುವಲ್ಲಿ ಅದು ಹಿತ್ತಲ ಮರವಾಗಿಯೇ ಚೆನ್ನ. ಕಲಬುರಗಿ ಸೀಮೆಯ ಮನೆಗಳಲ್ಲಿ ಅದಕ್ಕೆ ಬೇಕಾದ ಎಲ್ಲವೂ ಇದೆ: ಫರಸಿ ಹಾಸಿನ ನಡುವೆ ಒಂದು ಚೌಕ, ಮೂಡಣ ಗೋಡೆಯ ಆಸರೆ, ಬಚ್ಚಲ ನೀರು, ಹಳೆಯ ಸೀರೆಯ ಚೂರು. ಬಲಿತ ಕೊಂಬೆಯಿಂದ ಒಂದಡಿ ಉದ್ದದ ಕಡ್ಡಿ ಕತ್ತರಿಸಿ, ಎರಡು ಗೆಣ್ಣು ಮೇಲೆ ಬಿಟ್ಟು ಊರಿದರೆ ಬೇರು ಬರುತ್ತದೆ. ಎರಡು ಮೂರು ವರ್ಷದಲ್ಲಿ ಕಾಯಿ. ಅಂಜೂರ ಸೇಡಮ್ಮಿನ ಸಂತೆಗೆ ಯಾವಾಗ ಬಂದೀತೆಂದು ಕಾಯುವವರಿಗಿಂತ ಬಚ್ಚಲ ಬಾಯಿಗೆ ಕಡ್ಡಿ ಊರಿದವರೇ ಮೊದಲು ಹಣ್ಣು ತಿನ್ನುತ್ತಾರೆ.